ಪಕ್ಕದ ಮನೆಗೆ ಕೊಟ್ಟ ಹುಂಜ

ಮಸ್ಕತ್ತಿಗೆ ಹೊರಡುವ ಮೊದಲು ನಾನು ಮೂರು ಜೀವಗಳಿಗೆ ಮನೆ ಹುಡುಕಬೇಕಾಗಿತ್ತು. ಒಂದು ನಾಯಿ, ಒಂದು ಬೆಕ್ಕು, ಒಂದು ಹುಂಜ. ಮೂರಕ್ಕೂ ಹೆಸರಿತ್ತು. ಇಲ್ಲಿ ಅದನ್ನು ಬರೆಯಲು ಮನಸ್ಸಿಲ್ಲ. ಬರೆದರೆ ಕರೆದ ಹಾಗಾಗುತ್ತದೆ, ಕರೆದರೆ ಅವು ಓಡಿ ಬರುತ್ತವೆ, ಈ ನಾಲ್ಕನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಅವಕ್ಕೆ ಕೆದಕಲು ಹಿಡಿ ಮಣ್ಣೂ ಇಲ್ಲ.

ನನ್ನ ಗಂಡ ಹದಿನಾಲ್ಕು ವರ್ಷ ಒಬ್ಬರೇ ಅಲ್ಲಿ ದುಡಿದರು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಬಂದ ಮೊದಲ ಎರಡು ದಿನ ನಾಯಿ ಅವರನ್ನು ಕಂಡು ಬೊಗಳುತ್ತಿತ್ತು. ಮೂರನೆಯ ದಿನ ಹೋಗಲಿ ಪಾಪ ಎಂದು ಸುಮ್ಮನಾಗುತ್ತಿತ್ತು. ಪೂರ್ತಿ ಹೊಂದಿಕೊಳ್ಳುವಷ್ಟರಲ್ಲಿ ಅವರು ಪೆಟ್ಟಿಗೆ ಕಟ್ಟುವ ಹೊತ್ತಾಗುತ್ತಿತ್ತು. ನನ್ನ ಕಥೆಯೂ ಹೆಚ್ಚುಕಡಿಮೆ ಅದೇ. ನಮಗೆ ಮಕ್ಕಳಾಗಲಿಲ್ಲ. ಕುಂಜತ್ತೂರಿನಲ್ಲಿ ಹೆದ್ದಾರಿಗೂ ರೈಲುಹಳಿಗೂ ನಡುವಿನ ಆ ಮನೆಯಲ್ಲಿ ನಾನು ರವಕೆ ಹೊಲಿಯುತ್ತ, ಸಾಕಿದ ಜೀವಗಳ ಜೊತೆ ಮಾತಾಡುತ್ತ, ಹದಿನಾಲ್ಕು ವರ್ಷ ಆರಾಮಾಗಿಯೇ ಇದ್ದೆ. ಹಾಗೆಂದು ಯಾರ ಹತ್ತಿರವೂ ಹೇಳುತ್ತಿರಲಿಲ್ಲ. ಗಂಡ ದೂರವಿರುವ ಹೆಂಗಸು ಆರಾಮಾಗಿದ್ದೇನೆ ಎಂದರೆ ಊರಿಗೆ ಹಿಡಿಸುವುದಿಲ್ಲ.

ಕೊನೆಗೂ ಅವರಿಗೆ ಸಂಬಳ ಹೆಚ್ಚಾಗಿ, ನನ್ನನ್ನೂ ಕರೆಸಿಕೊಳ್ಳುವ ವೀಸಾ ಸಿಕ್ಕಿತು. ಫೋನಿನಲ್ಲಿ ಅವರು ಅತ್ತರು. ನಾನೂ ಅತ್ತೆ. ಕಾಲ ಬುಡದಲ್ಲಿ ನಾಯಿ ಮಲಗಿತ್ತು, ಕಿಟಕಿಯಲ್ಲಿ ಬೆಕ್ಕು, ಹೊಲಿಗೆ ಮೆಷಿನಿನ ಕೆಳಗೆ ಬಟ್ಟೆಚೂರಿನ ಬುಟ್ಟಿಯಲ್ಲಿ ಹುಂಜ. ಮೂರೂ ನನ್ನನ್ನೇ ನೋಡುತ್ತಿದ್ದವು ಅಂತ ನನಗೆ ಅನ್ನಿಸಿತು.

ಆಮೇಲಿನ ಎರಡು ತಿಂಗಳು ನನಗೆ ಮಧ್ಯಾಹ್ನದ ನಿದ್ದೆಯ ಹಾಗೆ ನೆನಪಿದೆ. ಬಿಸಿಲು ಗೋಡೆಯ ಮೇಲೆ ಬಂದು ಕೂರುತ್ತಿತ್ತು, ಅಲ್ಲೇ ಕೂತಿರುತ್ತಿತ್ತು. ರೈಲು ಹೋದರೆ ಗಾಜಿನ ಕಪಾಟು ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ಇದನ್ನು ಇನ್ನೆಷ್ಟು ಸಲ ಕೇಳುತ್ತೇನೆ ಎಂದುಕೊಳ್ಳುತ್ತಲೇ ಕೆಲಸ ಮರೆತು ನಿಲ್ಲುತ್ತಿದ್ದೆ. ಒಬ್ಬಳ ಕೈಗೆ ಇನ್ನೊಬ್ಬಳ ಅಳತೆಯ ರವಕೆ ಕೊಟ್ಟು ಬೈಸಿಕೊಂಡದ್ದೂ ಉಂಟು.

ನಾಯಿಯ ಮನೆಗಾಗಿ ನಾನು ಹೆಣ್ಣು ಕೊಡುವವರ ಹಾಗೆ ಊರೂರು ವಿಚಾರಿಸಿದೆ. ಕಟ್ಟಿ ಹಾಕುತ್ತಾರಾ, ಮಳೆಗೆ ಒಳಗೆ ಬಿಡುತ್ತಾರಾ, ಮೀನಿನ ಮುಳ್ಳು ತೆಗೆದು ಹಾಕುವ ವ್ಯವಧಾನ ಇದೆಯಾ. ಕೊನೆಗೆ ಬೋವಿಕಾನದ ಹತ್ತಿರ ನನ್ನ ದೊಡ್ಡಮ್ಮನ ಮಗಳು ಒಪ್ಪಿದಳು. ಮೂರು ಸಲ ಕರೆದುಕೊಂಡು ಹೋಗಿ, ಒಂದು ರಾತ್ರಿ ನಾನೂ ಉಳಿದು, ರೂಢಿ ಮಾಡಿಸಿ ಬಂದೆ. ಬೆಕ್ಕನ್ನು ಮೊಗ್ರಾಲಿನಲ್ಲಿ ನನ್ನ ಹಳೆಯ ಗಿರಾಕಿಯೊಬ್ಬಳು ತೆಗೆದುಕೊಂಡಳು, ಮೀನು ಹಿಡಿಯುವವರ ಮನೆ. ಬುಟ್ಟಿಯ ಮುಚ್ಚಳ ತೆಗೆದದ್ದೇ ತಡ, ಅದು ಒಮ್ಮೆ ಗಾಳಿ ಮೂಸಿ, ಒಣಹಾಕಿದ ಮೀನಿನ ಕಡೆ ನಡೆಯಿತು. ಹಿಂದಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಬರುತ್ತ ನನಗೆ ಅದರ ಮೇಲೆ ಸಿಟ್ಟು ಬಂತು, ತಲಪುವಷ್ಟರಲ್ಲಿ ಇಳಿಯಿತು.

ಹುಂಜದ ಬಗ್ಗೆ ಮಾತ್ರ ನಾನು ಯೋಚನೆಯನ್ನೇ ಮಾಡಲಿಲ್ಲ. ಪಕ್ಕದ ಮನೆ ಇದೆಯಲ್ಲ ಎಂದುಕೊಂಡಿದ್ದೆ.

ಪಕ್ಕದ ಮನೆಯಲ್ಲಿ ಇಬ್ಬರೇ. ನಾನು ಅಕ್ಕ ಎಂದು ಕರೆಯುವ ಹೆಂಗಸು ಮತ್ತು ಅವರ ಅಣ್ಣ. ಅಕ್ಕ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು, ಆಗಲೇ ಅರವತ್ತು ದಾಟಿದ್ದವರು. ನಾನು ಜಗಲಿಯಲ್ಲಿ ಹೊಲಿಯುತ್ತಿದ್ದರೆ ಅವರು ತಮ್ಮ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು, ನಡುವೆ ಮೊಣಕಾಲೆತ್ತರದ ಗೋಡೆ. ಅವರದು ತುಳು, ನಮ್ಮ ಮನೆಯ ಒಳಗೆ ಕೊಂಕಣಿ. ಗೋಡೆಯ ಮೇಲಿನ ಮಾತು ಯಾವಾಗಲೂ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಅವರು ಬಾಯಿ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವ ವಾಡಿಕೆ. ನನ್ನ ನಾಲಗೆಯ ಹರಿತ ನೋಡಿದರೆ ಹೆಸರು ಸರಿಯಾಗಿಯೇ ಇದೆ ಎಂದು ಅವರ ಅಣ್ಣ ತಮಾಷೆ ಮಾಡುತ್ತಿದ್ದರು.

ಕೋಳಿ ಸಾಕುವುದು, ಕೊಯ್ಯುವುದು, ತಿನ್ನುವುದು ಯಾವುದೂ ನಮಗೆ ಹೊಸತಲ್ಲ. ನಾನೇನು ಸಂತಳಲ್ಲ. ಆದರೆ ಈ ಹುಂಜ ಬೇರೆ. ತಾಯಿಯನ್ನೂ ಉಳಿದ ಮರಿಗಳನ್ನೂ ಮುಂಗುಸಿ ಮುಗಿಸಿ ಹೋದ ಬೆಳಿಗ್ಗೆ ಬಚ್ಚಲ ಕಟ್ಟಿಗೆಯ ಸಂದಿನಲ್ಲಿ ಒಂದೇ ಒಂದು ಮರಿ ಉಳಿದಿತ್ತು. ಅದನ್ನು ಬಟ್ಟೆಚೂರಿನ ಬುಟ್ಟಿಯಲ್ಲಿ ಬಲ್ಬಿನ ಕೆಳಗಿಟ್ಟು ಬದುಕಿಸಿದೆ. ಅದು ಮೆಷಿನಿನ ಸದ್ದಿಗೆ ನಿದ್ದೆ ಮಾಡಲು ಕಲಿಯಿತು. ಮೆಷಿನ್ ನಿಂತರೆ ಎದ್ದು ನನ್ನ ಮುಖ ನೋಡುತ್ತಿತ್ತು. ದೊಡ್ಡದಾಗಿ, ಕೆಂಪು ಮೈ, ಕಪ್ಪು ಬಾಲ, ನೋಡಿದವರು ಇನ್ನೊಮ್ಮೆ ನೋಡಬೇಕು, ಅಂಥ ಹುಂಜವಾದ ಮೇಲೂ ಸಂಜೆ ಬಂದು ನನ್ನ ಮಡಿಲಲ್ಲಿ ಕೂರುತ್ತಿತ್ತು. ಅದರ ಎದೆಯ ಬಿಸಿ ನನ್ನ ಹೊಟ್ಟೆಗೆ ತಾಗುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಆ ಬಿಸಿಗೆ ನಾನು ಕಾಯುತ್ತಿದ್ದೆ.

ಹೊರಡಲು ಇಪ್ಪತ್ತು ದಿನ ಇರುವಾಗ ಒಂದು ಭಾನುವಾರ ಇಗರ್ಜಿಯಿಂದ ಬಂದು, ಮಿಂದು, ಒಳ್ಳೆಯ ಸೀರೆ ಉಟ್ಟೇ ಹುಂಜವನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋದೆ. ಅದರ ಹೊಟ್ಟೆಗೆಂದು ಒಂದು ಸೇರು ಅಕ್ಕಿ ಕಟ್ಟಿಕೊಂಡಿದ್ದೆ. ಬರಿಗೈಯಲ್ಲಿ ಹೋಗುವುದು ಚೆನ್ನಾಗಿರುವುದಿಲ್ಲ ಎಂದು ಸುಲಿದ ಒಂದು ತೆಂಗಿನಕಾಯಿಯೂ ಇತ್ತು. ದಾರಿಯಲ್ಲಿ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಸಂಜೆ ಮಡಿಲಲ್ಲಿ ಕೂರಿಸಿಕೊಳ್ಳಿ, ಮೆಷಿನಿಲ್ಲದಿದ್ದರೆ ರೇಡಿಯೋ ಹಾಕಿ, ಹೀಗೆ ಎಷ್ಟೋ. ಅಕ್ಕನ ಮುಖ ಕಂಡದ್ದೇ ಅಳು ಬಂತು. ಒಂದು ಮಾತೂ ಹೊರಡಲಿಲ್ಲ. ಹುಂಜವನ್ನು ಅವರ ಕೈಗಿಟ್ಟು, ಅಕ್ಕಿ, ಕಾಯಿ ಜಗಲಿಯಲ್ಲಿಟ್ಟು, ಕಣ್ಣೊರೆಸಿಕೊಂಡು ಬಂದೆ. ಅಕ್ಕ ಹುಂಜವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು. ಎಷ್ಟು ಅರ್ಥ ಮಾಡಿಕೊಳ್ಳುತ್ತಾರೆ ಇವರು ಅಂದುಕೊಂಡೆ.

ನನಗೆ ಆಗಲೇ ಹೊಳೆಯಬೇಕಿತ್ತು. ಆ ಊರಿನಲ್ಲೇ ಹುಟ್ಟಿ ಬೆಳೆದವಳು ನಾನು. ದೂರ ಪ್ರಯಾಣಕ್ಕೆ ಹೊರಟವರು ಪಕ್ಕದವರ ದೈವಕ್ಕೆ ಒಂದು ಕೋಳಿ ಹೇಳಿಕೊಳ್ಳುವುದು ನಮ್ಮಲ್ಲಿ ಹೊಸತಲ್ಲ. ನನ್ನ ಅಜ್ಜಿಯೇ ಪಾದ್ರಿಗೆ ಗೊತ್ತಾಗದ ಹಾಗೆ ದೀಪಕ್ಕೆ ಎಣ್ಣೆ ಕಳಿಸುತ್ತಿದ್ದಳು. ಮಿಂದು ಬಂದ ಹೆಂಗಸು, ಕೆಂಪು ಹುಂಜ, ಅಕ್ಕಿ, ತೆಂಗಿನಕಾಯಿ, ಬಾಯಲ್ಲಿ ಮಾತಿಲ್ಲ, ಕಣ್ಣಲ್ಲಿ ನೀರು. ಅಕ್ಕನ ಜಾಗದಲ್ಲಿ ಯಾರಿದ್ದರೂ ಅದನ್ನು ಹರಕೆ ಎಂದೇ ತಿಳಿಯುತ್ತಿದ್ದರು.

ಹತ್ತು ದಿನ ನಾನು ಆ ಕಡೆ ಹೋಗಲಿಲ್ಲ. ಹೋದರೆ ಅದು ನನ್ನ ಹಿಂದೆಯೇ ಬಂದುಬಿಟ್ಟೀತು ಎಂಬ ಹೆದರಿಕೆ. ಬೆಳಿಗ್ಗೆ ಗೋಡೆಯಾಚೆಯಿಂದ ಅದರ ಕೂಗು ಕೇಳಿ ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಮಲಗಿರುತ್ತಿದ್ದೆ. ಹನ್ನೊಂದನೆಯ ದಿನ ತಡೆಯಲಾಗದೆ ಹೋದೆ. ಹುಂಜ ಅಂಗಳದಲ್ಲಿ ರಾಜನ ಹಾಗೆ ಓಡಾಡುತ್ತಿತ್ತು. ಅದರ ಕಾಲಿಗೆ ಒಂದು ಕೆಂಪು ನೂಲು ಕಟ್ಟಿತ್ತು. ಏನಿದು ಎಂದು ಕೇಳಿದೆ. ಅಕ್ಕ ಖುಷಿಯಿಂದ ಎಲ್ಲ ಹೇಳಿದರು. ಬಂದ ದಿನವೇ ಹಿತ್ತಿಲಿನ ದೈವದ ಗುಡಿಯ ಎದುರು ನಿಲ್ಲಿಸಿ ನೀರು ಚಿಮುಕಿಸಿ ಆಗಿದೆ. ದಿನಾ ಸಂಜೆ ದೀಪ ಇಡುವಾಗ ನನ್ನ ಪ್ರಯಾಣದ ಬಗ್ಗೆ ಹೇಳಿಕೊಳ್ಳುತ್ತಿದ್ದಾರೆ. ಹುಂಜಕ್ಕೆ ಒಂದು ಕೊರತೆಯೂ ಮಾಡಿಲ್ಲ. ಬರುವ ಮಂಗಳವಾರ ತಂಬಿಲ, ಅಂದರೆ ದೈವಕ್ಕೆ ಕೋಳಿ ಕೊಯ್ದು ಮಾಡುವ ವರ್ಷದ ಪೂಜೆ. ನಾನು ವಿಮಾನ ಹತ್ತುವ ಮೊದಲೇ ನನ್ನ ಹರಕೆ ಸಂದುಹೋಗುತ್ತದೆ.

ನಾನು ನಕ್ಕೆನೋ ಏನೋ, ನೆನಪಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಮೊದಲು ನನ್ನನ್ನು, ಆಮೇಲೆ ಮಸ್ಕತ್ತನ್ನು, ಆಮೇಲೆ ಗಂಡನನ್ನು ಬೈದೆ. ಗಂಡನಿಗೆ ಫೋನ್ ಮಾಡಿಯೇ ಬೈದೆ. ಅವರು ಪೂರ್ತಿ ಕೇಳಿ, ಕೋಳಿ ತಾನೆ, ಪೇಟೆಯಿಂದ ಇನ್ನೊಂದು ಕೆಂಪು ಹುಂಜ ತಂದು ಬದಲಾಯಿಸಿಬಿಡು ಅಂದರು. ಆ ದಿನ ನಾನು ಫೋನ್ ಇಟ್ಟ ರೀತಿಗೆ ವೀಸಾ ರದ್ದಾಗದೆ ಉಳಿದದ್ದೇ ಹೆಚ್ಚು. ಆದರೆ ಸುಳ್ಳು ಹೇಳುವುದೇಕೆ, ಗೋಡೆ ಹಾರಿ ಅದನ್ನು ಎತ್ತಿಕೊಂಡು ಬರುವ ಯೋಚನೆ ನನಗೂ ಬಂತು. ಬಂದ ಹಾಗೆಯೇ ಹೋಯಿತು. ದೈವದ ಎದುರು ನಿಂತು ಬಂದ ಹುಂಜವನ್ನು ಕದಿಯುವಷ್ಟು ಧೈರ್ಯ ನನ್ನ ಕ್ರಿಶ್ಚಿಯನ್ ಎದೆಗೂ ಇರಲಿಲ್ಲ.

ಮಂಗಳವಾರಕ್ಕೆ ನಾಲ್ಕು ದಿನ ಉಳಿದಿತ್ತು. ಆ ನಾಲ್ಕರಲ್ಲಿ ಎರಡನ್ನು ಕಿಟಕಿಯ ಬಳಿ ಕೂತು ಕಳೆದೆ. ಕೂತಲ್ಲೇ ತೂಕಡಿಸಿದರೆ ಮಡಿಲಲ್ಲಿ ಬಿಸಿ, ಎಚ್ಚರವಾದರೆ ಬರಿಯ ಸೀರೆ. ಭಾನುವಾರ ಪೂಜೆಯಲ್ಲಿ ಪಾದ್ರಿ ಏನು ಹೇಳಿದರೋ ದೇವರೇ ಬಲ್ಲ. ಅಲ್ಲಿಂದ ನೇರವಾಗಿ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಇದು ಹರಕೆಯಲ್ಲ, ಸಾಕಿದ ಜೀವ, ಇದಕ್ಕೊಂದು ಮನೆ ಬೇಕಿತ್ತು, ಅಷ್ಟೇ.

ಅಕ್ಕ ಗೆರಸೆಯಲ್ಲಿನ ಬೀಡಿ ಎಲೆಗಳನ್ನು ಒಂದರ ಮೇಲೊಂದು ಸುಮ್ಮನೆ ಜೋಡಿಸುತ್ತ ಕೂತರು. ಅವರ ಮುಖ ಸಣ್ಣದಾಗಿತ್ತು. ಅವರಿಗೆ ನೋವಾದದ್ದು ಹುಂಜದ ವಿಷಯಕ್ಕಲ್ಲ. ಹದಿನಾಲ್ಕು ವರ್ಷ ಗೋಡೆಯಾಚೆ ಕೂತವಳು ಹೊರಡುವಾಗ ತಮ್ಮ ದೈವವನ್ನು ನಂಬಿ ಬಂದಳು ಎಂದು ಅವರು ಹಿಗ್ಗಿದ್ದರು. ಆ ಹಿಗ್ಗನ್ನು ನಾನು ಕಿತ್ತುಕೊಂಡಿದ್ದೆ. ಕೊನೆಗೆ ಮೆಲ್ಲನೆ ಹೇಳಿದರು:

"ನಾನು ಹೇಳಿ ಆಗಿದೆಯಲ್ಲ ಬಾಯಿ. ನಮ್ಮ ಬಾಯಿ ಕಡಲಾಚೆ ಹೋಗ್ತಾಳೆ, ನೋಡಿಕೋ ಅಂತ ದಿನಾ ಹೇಳಿದ್ದೇನೆ. ಈಗ ಅದೆಲ್ಲ ಅಲ್ಲ ಅಂತ ಹೇಳುವುದು ಹೇಗೆ?"

ಅಷ್ಟರಲ್ಲಿ ಅವರ ಅಣ್ಣ ಬಂದರು. ವಿಷಯ ಕೇಳಿ ಅವರು ಬೈಯಲೂ ಇಲ್ಲ, ನಗಲೂ ಇಲ್ಲ. ಕಂಬಕ್ಕೊರಗಿ ಕೂತು ಹುಂಜವನ್ನೇ ನೋಡುತ್ತ ಯೋಚಿಸಿದರು. ತಂಬಿಲ ಕೊಡುವವರು ಅವರೇ ಆದ್ದರಿಂದ ಕೊನೆಯ ಮಾತೂ ಅವರದೇ. ಹೇಳಿದ ಹರಕೆಯನ್ನು ಹಿಂದೆ ತೆಗೆಯಲಾಗದು, ಅದು ಸರಿ. ಆದರೆ ಹರಕೆ ಹೋಗಿ ಬರುವ ಪ್ರಯಾಣಕ್ಕೆ. ಈಗ ಆಗುತ್ತಿರುವುದು ಬರಿ ಹೋಗುವುದು. ಹೋದವರು ಸುಖವಾಗಿ ಬಂದ ಮೇಲೆ ಒಪ್ಪಿಸುವ ಕ್ರಮವೂ ಇದೆ. ಅಲ್ಲಿಯ ತನಕ ಹುಂಜ ಅಂಗಳದಲ್ಲಿ ಇದ್ದುಕೊಳ್ಳಲಿ. ಹೀಗೆಂದು ಅವರು ತೀರ್ಮಾನ ಕೊಟ್ಟರು.

ಮೂವರೂ ಹಿತ್ತಿಲ ಗುಡಿಗೆ ಹೋದೆವು. ಸಣ್ಣ ಗುಡಿ, ಮೇಲೆ ಕಾಸರಕನ ಮರ. ನಾನು ಚಪ್ಪಲಿ ಬಿಟ್ಟು ತಲೆಗೆ ಸೆರಗು ಹಾಕಿ ನಿಂತೆ. ಇಗರ್ಜಿಯಲ್ಲಿ ನಿಲ್ಲುವ ಹಾಗೆಯೇ ನಿಂತೆ, ಬೇರೆ ರೀತಿ ನನಗೆ ಗೊತ್ತಿರಲಿಲ್ಲ. ಅಣ್ಣ ಕೈಯಲ್ಲಿ ನೀರು ಹಿಡಿದು ದೈವಕ್ಕೆ ವಿಷಯ ತಿಳಿಸಿದರು. ತಪ್ಪಾಗಿದೆ, ಅರಿಯದೆ ಆದದ್ದು. ಈ ಹೆಣ್ಣುಮಗಳು ಹೋಗಿ ಬಂದ ದಿನ ತಂಗಿ ಇಲ್ಲಿ ಬಂದು ನಿಂತು ನಿನಗೆ ತಿಳಿಸುತ್ತಾಳೆ. ಆಮೇಲೆ ಬಂದ ತಂಬಿಲಕ್ಕೆ ನಿನ್ನದನ್ನು ನಿನಗೆ ಒಪ್ಪಿಸುತ್ತೇವೆ. ಎಲೆಗಳ ನಡುವಿನಿಂದ ಬಿಸಿಲು ಹನಿಹನಿಯಾಗಿ ಅವರ ಬೆನ್ನ ಮೇಲೆ ಬೀಳುತ್ತಿತ್ತು. ನನಗೆ ಮೈ ಹಗುರವಾಯಿತು. ಆ ಸಂಜೆ ಅಕ್ಕ ಮಾಡಿದ ಬನ್ಸ್ ಮೂರು ತಿಂದೆ.

ವಿಮಾನ ಮೋಡದ ಮೇಲೆ ಬಂದ ಮೇಲೆ ನನಗೆ ಹೊಳೆಯಿತು. ಕೆಳಗೆ ಬಿಳಿಯ ಬಯಲು, ಪಕ್ಕದಲ್ಲಿ, ನನ್ನನ್ನು ಕರೆದೊಯ್ಯಲೆಂದು ಬಂದು ಈಗ ಗೊರಕೆ ಹೊಡೆಯುವ ಗಂಡ. ನಾನು ಊರಿಗೆ ಬಂದರೆ ಆಮೇಲಿನ ತಂಬಿಲಕ್ಕೆ ಅದು ಹೋಗುತ್ತದೆ. ನಾನು ಬಾರದಷ್ಟು ಕಾಲ ಅದು ಬದುಕಿರುತ್ತದೆ.

ಇದನ್ನು ಗಂಡನಿಗೆ ಹೇಳಲಿಲ್ಲ. ಎರಡು ವರ್ಷಕ್ಕೆ ರಜೆ ಬಂದಾಗ ಮೊಣಕಾಲು ನೋವೆಂದೆ. ಅವರು ಹಳೆಯ ಹಾಗೆ ಒಬ್ಬರೇ ಹೋಗಿ, ಮನೆಯ ಕಿಟಕಿ ತೆರೆದು ಗಾಳಿ ಆಡಿಸಿ, ಉಪ್ಪಿನಕಾಯಿ ತಂದರು. ಮರುವರ್ಷ ದೊಡ್ಡಮ್ಮನ ಮಗಳು ಬೋವಿಕಾನದಿಂದ ಫೋನ್ ಮಾಡಿ, ನಾಯಿಗೆ ಏಳಲಾಗುವುದಿಲ್ಲ, ಗೇಟಿನ ಕಡೆಗೇ ಮುಖ ಮಾಡಿ ಮಲಗಿದೆ, ಒಮ್ಮೆ ಬಂದು ಹೋಗು ಅಂದಳು. ಹೊಲಿಗೆಯ ಆರ್ಡರ್ ಇದೆ ಎಂದೆ. ನಾಲ್ಕು ದಿನಕ್ಕೆ ನಾಯಿ ಹೋಯಿತು. ಒಂದು ಹುಂಜಕ್ಕಾಗಿ ನಾಯಿಗೆ ಮುಖ ತೋರಿಸದೆ ಉಳಿದವಳು ನಾನು.

ತಿಂಗಳಿಗೆರಡು ಸಲ ಅಕ್ಕ ಫೋನ್ ಮಾಡುತ್ತಿದ್ದರು. ಮಳೆ, ಹೆದ್ದಾರಿಯ ಧೂಳು, ಯಾರ ಮಗಳ ಮದುವೆ. ಮಾತಿನ ಹಿಂದೆ ಒಮ್ಮೊಮ್ಮೆ ಅದರ ಕೂಗು ಕೇಳಿಸುತ್ತಿತ್ತು. ಆಗ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಯಾವಾಗ ಬರುತ್ತೀರಿ ಎಂದು ಅವರು ಮೊದಲೆರಡು ವರ್ಷ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು. ಇಲ್ಲಿ ಮಧ್ಯಾಹ್ನ ಪರದೆ ಎಳೆದು ಮಲಗಿದರೆ ಏಸಿಯ ಗುಂಯ್‌ಗುಡುವಿಕೆ ಮೆಷಿನಿನ ಸದ್ದಾಗಿ, ನಾನು ಕುಂಜತ್ತೂರಿನಲ್ಲೇ ಇರುತ್ತಿದ್ದೆ. ಅಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಅಂಗಳದಲ್ಲಿ ನಡೆದರೆ ನನಗೆ ನೆರಳೂ ಇರುತ್ತಿರಲಿಲ್ಲ.

ನಾಲ್ಕನೆಯ ವರ್ಷ ಅಕ್ಕ ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಯಸ್ಸಿನ ಮೈ, ಹೇಗೋ ಏನೋ ಎಂದು ಅವರ ಅಣ್ಣ ಫೋನ್ ಮಾಡಿ ಹೇಳಿದರು. ಬನ್ನಿ ಎಂದು ಅವರು ಹೇಳಲಿಲ್ಲ. ಆ ರಾತ್ರಿ ನಾನು ಗಂಡನಿಗೆ ಹುಂಜದ ವಿಷಯ ಪೂರ್ತಿ ಹೇಳಿದೆ. ಈ ಸಲ ಅವರು ಕೋಳಿ ತಾನೆ ಅನ್ನಲಿಲ್ಲ. ಎದ್ದು ಹೋಗಿ ಟಿಕೆಟ್ ನೋಡಿದರು. ನಾಯಿಗೆ ಮಾಡಿದ್ದನ್ನು ಅಕ್ಕನಿಗೂ ಮಾಡಲು ನನ್ನಿಂದಾಗಲಿಲ್ಲ. ಹುಂಜದ ಹತ್ತಿರ ಮನಸ್ಸಿನಲ್ಲೇ ಕ್ಷಮೆ ಕೇಳಿ ಹೊರಟೆ.

ಮನೆಗೆ ತಲಪಿದಾಗ ಬೆಳಿಗ್ಗೆ ಒಂಬತ್ತು. ಪೆಟ್ಟಿಗೆ ಇಟ್ಟು ಗೋಡೆ ದಾಟಿದೆ. ಅಂಗಳ ನೋಡಬಾರದೆಂದು ತಲೆ ತಗ್ಗಿಸಿಯೇ ನಡೆದೆ. ಅಣ್ಣ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ನನ್ನ ಹೆಜ್ಜೆ ಕೇಳಿ ಪೇಪರನ್ನು ಇನ್ನಷ್ಟು ಮೇಲೆ ಎತ್ತಿ ಹಿಡಿದರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನಾಲ್ಕು ವರ್ಷ ಬಾರದವಳ ಮೇಲೆ ಸಿಟ್ಟಿರಲೇಬೇಕು ಎಂದುಕೊಂಡು ಒಳಗೆ ಹೋದೆ.

ಅಕ್ಕ ಮಂಚದ ಮೇಲೆ ಇದ್ದರು, ಅರ್ಧಕ್ಕೆ ಇಳಿದು ಹೋಗಿದ್ದರು. ನನ್ನನ್ನು ಕಂಡು ಅವರು ಅಳಲಿಲ್ಲ, ತುಟಿಯ ಮೇಲೆ ಬೆರಳಿಟ್ಟರು. ಹತ್ತಿರ ಬನ್ನಿ ಎಂದು ಕೈ ಮಾಡಿದರು. ನಾನು ಬಗ್ಗಿದೆ. ಅವರ ಉಸಿರಿಗೆ ಇನ್ನೂ ಹೊಗೆಸೊಪ್ಪಿನ ವಾಸನೆ ಇತ್ತು.

"ಮೆಲ್ಲ ಮಾತಾಡಿ. ನೀವು ಬಂದದ್ದು ದೈವಕ್ಕೆ ಇನ್ನೂ ಗೊತ್ತಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಕಿಟಕಿಯ ಕಡೆ ಕಣ್ಣು ತಿರುಗಿಸಿ ಮತ್ತೆ ನನ್ನ ಕಿವಿಗೆ ಬಾಯಿ ತಂದರು.

"ಗುಡಿಯ ಎದುರು ನಿಂತು ಹೇಳಬೇಕಾದವಳು ನಾನಲ್ವಾ? ಸೊಂಟ ಮುರಿದವಳು ನಿಲ್ಲುವುದು ಹೇಗೆ? ಕಾಲು ಸರಿಯಾಗಲಿ, ನೋಡುವ. ಅಷ್ಟರಲ್ಲಿ ನೀವು ಹೋಗಿ ಆಗ್ತದೆ."

ಆಗ ನನಗೆ ಜಗಲಿಯ ಪೇಪರಿನ ಅರ್ಥವೂ ಆಯಿತು. ಬಂದವಳನ್ನು ಕಾಣದ ಹಾಗೆ ಇರುವುದು ಆ ಅಣ್ಣನಿಗೆ ಗೊತ್ತಿದ್ದ ಒಂದೇ ಉಪಾಯ. ನಾನು ಅಕ್ಕನ ಎದೆಯ ಮೇಲೆ ತಲೆಯಿಟ್ಟು ಸದ್ದಾಗದ ಹಾಗೆ ಅತ್ತೆ.

ಹನ್ನೆರಡು ದಿನ ನಾನು ಹಾಗೆಯೇ ಇದ್ದೆ, ಇಲ್ಲದವಳ ಹಾಗೆ. ಅಕ್ಕನ ತಲೆ ಬಾಚಿದೆ, ಗಂಜಿ ಕುಡಿಸಿದೆ, ಬೆನ್ನು ಒರೆಸಿದೆ. ಹಿತ್ತಿಲಿಗೆ ಕಾಲಿಡಲಿಲ್ಲ. ದೀಪದ ಹೊತ್ತಿಗೆ ನಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅಣ್ಣ ನನಗೆ ಬೇಕಾದ್ದನ್ನೆಲ್ಲ ತಂದು, ಯಾರಿಗೋ ಹೇಳುವ ಹಾಗೆ ಕಂಬಕ್ಕೆ ಹೇಳಿ, ಮೂಲೆಯಲ್ಲಿಟ್ಟು ಹೋಗುತ್ತಿದ್ದರು. ಹುಂಜ ಮುದಿಯಾಗಿತ್ತು, ಬಾಲದ ಗರಿ ಅರ್ಧ ಉದುರಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಮೂರನೆಯ ದಿನ ಮಧ್ಯಾಹ್ನ ಅದು ತಾನಾಗಿಯೇ ಅಕ್ಕನ ಕೋಣೆಗೆ ಬಂತು. ನನ್ನನ್ನು ಮೂಸಿ ಕೂಡ ನೋಡಲಿಲ್ಲ. ಮಂಚಕ್ಕೆ ಹಾರಿ ಅಕ್ಕನ ಹೊಟ್ಟೆಯ ಪಕ್ಕದಲ್ಲಿ ರೆಕ್ಕೆ ಸಡಿಲಿಸಿ ಕೂತಿತು. ಅಕ್ಕ ಕಣ್ಣು ಮುಚ್ಚಿಕೊಂಡೇ ಅದರ ಬೆನ್ನ ಮೇಲೆ ಕೈಯಿಟ್ಟರು.

ದಿನಾ ಈ ಹೊತ್ತಿಗೆ ಬರುತ್ತದಾ ಎಂದು ಕೇಳಿದೆ. ಎಷ್ಟೋ ಸಮಯದಿಂದ, ಎಂದರು ಅಕ್ಕ. ನನಗೆ ಹೊಟ್ಟೆಕಿಚ್ಚಾಯಿತು. ಅದರ ಜೊತೆಗೇ, ಹೊರಟಂದಿನಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಸಡಿಲವಾಯಿತು. ನಾನು ಬೇಡಿಕೊಂಡದ್ದು ಅದಕ್ಕೊಂದು ಮನೆಯನ್ನು ಮಾತ್ರ. ಆ ಮನೆಯಲ್ಲಿ ಅದರ ಜೀವ ಉಳಿಸಲು ಇಬ್ಬರು ಮುದುಕರು ತಮ್ಮ ದೈವದ ಎದುರು ಸುಮ್ಮನಿದ್ದಾರೆ. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಇಬ್ಬರ ಉಸಿರನ್ನೂ ಕೇಳುತ್ತಿದ್ದೆ.

ಹೊರಡುವ ಬೆಳಿಗ್ಗೆ ಹೋಗಿ ಬರುತ್ತೇನೆ ಅನ್ನಲು ಬಾಯಿ ತೆರೆದೆ. ಅಕ್ಕ ತಲೆಯಾಡಿಸಿ ತಡೆದರು. ಬಾರದವಳು ಹೋಗುತ್ತೇನೆ ಅನ್ನುವುದು ಹೇಗೆ. ನಾನು ಅವರ ಕೈ ಹಿಡಿದೆ, ಬಿಟ್ಟೆ, ಜಗಲಿ ಇಳಿದೆ. ಅಣ್ಣ ಪೇಪರು ಹಿಡಿದೇ ಇದ್ದರು. ನಾನು ಗೋಡೆ ದಾಟುವ ತನಕ ಒಂದು ಪುಟವನ್ನೂ ತಿರುವಲಿಲ್ಲ.